'ಕೂ' ಎಂದರೆ ಯಾವುದು, 'ಮ್ಯೂಟಿನಿ' ಎಂದರೆ ಯಾವುದು? ಸೇನಾ ದಂಗೆ, ಅಧಿಕಾರ ಬದಲಾವಣೆಯ ಇಂಗ್ಲಿಷ್ ಪದಗಳು

ಪ್ರಶ್ನೆ: ಪದವಿಯವರೆಗೂ ಕನ್ನಡ ಮಾಧ್ಯಮದಲ್ಲೇ ಓದಿದ್ದೇನೆ. ನಾಗರಿಕ ಸೇವಾ ಪರೀಕ್ಷೆಗೆಂದು ಈಗ ಇಂಗ್ಲಿಷ್ ಪತ್ರಿಕೆಗಳ ವಿದೇಶ ಪುಟ ಓದುತ್ತಿದ್ದೇನೆ. ಒಂದೇ ಘಟನೆಯನ್ನು ಒಂದು ಪತ್ರಿಕೆ 'ಕೂ' ಎನ್ನುತ್ತದೆ, ಇನ್ನೊಂದು 'ಟೇಕ್‌ಓವರ್', ಮತ್ತೊಂದು 'ಟ್ರಾನ್ಸಿಷನ್'. ಕನ್ನಡದ 'ಸೇನಾ ದಂಗೆ'ಗೆ ನಿಘಂಟು ತೆಗೆದರೆ 'ಮ್ಯೂಟಿನಿ', 'ರೆಬೆಲಿಯನ್', 'ರಯಟ್' ಎಲ್ಲವೂ ಸಿಗುತ್ತವೆ. 'ಹಂಗಾಮಿ ಸರ್ಕಾರ'ಕ್ಕೂ ಮೂರ್ನಾಲ್ಕು ಪದಗಳಿವೆ. ಯಾವುದನ್ನು ಎಲ್ಲಿ ಬಳಸಬೇಕು, ವಾಕ್ಯ ಹೇಗೆ ಕಟ್ಟಬೇಕು?

ಉತ್ತರ: ನಿಮ್ಮ ಗೊಂದಲಕ್ಕೆ ಕಾರಣ ಕನ್ನಡದಲ್ಲಿ 'ದಂಗೆ' ಮತ್ತು 'ಹಂಗಾಮಿ' ಎರಡೂ ಅಗಲವಾದ ಪದಗಳಾಗಿರುವುದು. ಸಿಪಾಯಿಗಳು ಅಧಿಕಾರಿಗಳ ವಿರುದ್ಧ ತಿರುಗಿಬಿದ್ದರೂ ದಂಗೆ, ಸೇನಾಪತಿ ಅಧ್ಯಕ್ಷನನ್ನು ಕಿತ್ತೊಗೆದರೂ ದಂಗೆ, ಬೀದಿಯಲ್ಲಿ ಕಲ್ಲು ತೂರಿದರೂ ದಂಗೆ. ಇಂಗ್ಲಿಷ್ ಈ ಕೆಲಸವನ್ನು ಬೇರೆ ಬೇರೆ ಪದಗಳಿಗೆ ಹಂಚಿಕೊಟ್ಟಿದೆ. ಹಾಗಾಗಿ ಪದಕ್ಕೆ ಪದ ಹುಡುಕಬೇಡಿ. ಘಟನೆಗೆ ಮೂರು ಪ್ರಶ್ನೆ ಹಾಕಿ: ಮಾಡಿದವರು ಯಾರು, ಅವರ ಗುರಿ ಯಾರು, ಅದು ಗೆದ್ದಿತೇ ಸೋತಿತೇ. ಉತ್ತರ ಸಿಕ್ಕರೆ ಪದವೂ ಬಹುಪಾಲು ಸಿಗುತ್ತದೆ.

ಮೊದಲು 'ಕೂ'. ಬರವಣಿಗೆಯ ಕೊನೆಯಲ್ಲಿರುವ 'ಪಿ' ಉಚ್ಚಾರವಾಗುವುದಿಲ್ಲ. 'ಕೂಪ್' ಎಂದರೆ ಕೋಳಿಗೂಡು ಎಂಬ ಬೇರೆಯೇ ಪದ, ಸಂದರ್ಶನದಲ್ಲಿ ಈ ತಪ್ಪು ಬೇಗ ಎದ್ದು ಕಾಣುತ್ತದೆ. ಬಹುವಚನ 'ಕೂಝ್', ಪೂರ್ಣ ರೂಪ ಫ್ರೆಂಚಿನ 'ಕೂ ದೇತಾ'. ರಾಜ್ಯವ್ಯವಸ್ಥೆಯ ಒಳಗೇ ಇರುವ ಒಂದು ಗುಂಪು, ಸಾಮಾನ್ಯವಾಗಿ ಸೇನೆ, ಕಾನೂನು ಮೀರಿ ದಿಢೀರನೆ ದೇಶದ ಅತ್ಯುನ್ನತ ಅಧಿಕಾರವನ್ನು ಕಸಿದುಕೊಳ್ಳುವುದು ಅದರ ಅರ್ಥ. ರಕ್ತ ಹರಿಯಲೇಬೇಕೆಂದಿಲ್ಲ, ಹರಿಯದಿದ್ದರೆ 'ಬ್ಲಡ್‌ಲೆಸ್ ಕೂ'. ಸೇನೆಯೇ ಮುಂದಾಳಾಗಬೇಕೆಂದೂ ಇಲ್ಲ. 1992ರ ಏಪ್ರಿಲ್ 5ರಂದು ಪೆರುವಿನ ಅಧ್ಯಕ್ಷ ಆಲ್ಬರ್ಟೊ ಫುಜಿಮೊರಿ ಸೇನೆಯ ಬೆಂಬಲದಿಂದ ತನ್ನದೇ ದೇಶದ ಸಂಸತ್ತನ್ನು ಮುಚ್ಚಿಸಿದ. ಅಧಿಕಾರದಲ್ಲಿರುವವನೇ ಹೀಗೆ ಸಂವಿಧಾನವನ್ನು ಬದಿಗೊತ್ತಿ ಎಲ್ಲ ಅಧಿಕಾರ ಬಾಚಿಕೊಂಡರೆ ಅದು 'ಸೆಲ್ಫ್-ಕೂ'. ಸ್ಪ್ಯಾನಿಷ್ ಮೂಲದ 'ಆಟೋಗೋಲ್ಪೆ' ಎಂಬ ಹೆಸರೂ ಇಂಗ್ಲಿಷ್ ಲೇಖನಗಳಲ್ಲಿ ಹಾಗೆಯೇ ಬರುತ್ತದೆ.

ನಮ್ಮ ಪತ್ರಿಕೆಗಳು 'ಕೂ'ಗೆ 'ಕ್ಷಿಪ್ರಕ್ರಾಂತಿ' ಎಂದೂ ಬರೆಯುತ್ತವೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲಿಷಿನಲ್ಲಿ 'ರೆವಲ್ಯೂಷನ್' ಎಂದು ಬರೆದರೆ ಅರ್ಥವೇ ಕೆಡುತ್ತದೆ. 'ರೆವಲ್ಯೂಷನ್' ಎನ್ನಲು ಜನರ ದೊಡ್ಡ ಪಾಲ್ಗೊಳ್ಳುವಿಕೆ ಬೇಕು, ವ್ಯವಸ್ಥೆಯೇ ಅಲುಗಾಡಬೇಕು. ಈಜಿಪ್ಟಿನಲ್ಲಿ 2011ರ ಫೆಬ್ರವರಿ 11ರಂದು ಹೋಸ್ನಿ ಮುಬಾರಕ್ ಇಳಿದದ್ದನ್ನು ಬಹುತೇಕ ಎಲ್ಲರೂ 'ರೆವಲ್ಯೂಷನ್' ಎನ್ನುತ್ತಾರೆ. 2013ರ ಜುಲೈ 3ರಂದು ಚುನಾಯಿತ ಅಧ್ಯಕ್ಷ ಮೊಹಮದ್ ಮೊರ್ಸಿಯನ್ನು ಜನರಲ್ ಅಬ್ದೆಲ್ ಫತಾ ಅಲ್-ಸಿಸಿ ತೆಗೆದದ್ದು ಹೆಚ್ಚಿನ ವಿದ್ವಾಂಸರ ಬರಹದಲ್ಲಿ 'ಕೂ', ಸಿಸಿ ಬೆಂಬಲಿಗರ ಬಾಯಲ್ಲಿ ಮಾತ್ರ ಅದೂ 'ರೆವಲ್ಯೂಷನ್'. ಒಂದು ಪದ ಆರಿಸಿದ ಕೂಡಲೇ ಬರೆದವರ ನಿಲುವೂ ತಿಳಿಯುವುದರಿಂದ ಇಲ್ಲಿ ಎಚ್ಚರ ಬೇಕು.

'ಮ್ಯೂಟಿನಿ' ಎಂದರೆ ಸೈನಿಕರು ತಮ್ಮದೇ ಮೇಲಧಿಕಾರಿಗಳ ಆಜ್ಞೆ ಧಿಕ್ಕರಿಸುವುದು. ಗುರಿ ಸರ್ಕಾರವೇ ಆಗಿರಬೇಕಿಲ್ಲ. ಸಂಬಳ, ಊಟ, ಅವಮಾನ ಕಾರಣವಾಗಿರಬಹುದು. 1946ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ರಾಯಲ್ ಇಂಡಿಯನ್ ನೇವಿಯ ನಾವಿಕರು ಕೆಟ್ಟ ಊಟ, ಬೈಗುಳಗಳ ವಿರುದ್ಧ ಎದ್ದದ್ದು ಮ್ಯೂಟಿನಿ. 2009ರ ಫೆಬ್ರವರಿ 25, 26ರಂದು ಢಾಕಾದಲ್ಲಿ ಬಾಂಗ್ಲಾದೇಶ್ ರೈಫಲ್ಸ್ ಜವಾನರು ತಮ್ಮ ಅಧಿಕಾರಿಗಳನ್ನು ಕೊಂದದ್ದೂ ಮ್ಯೂಟಿನಿ. ಕೆಲವೊಮ್ಮೆ ಒಂದು ಇನ್ನೊಂದಾಗಿ ಬೆಳೆಯುತ್ತದೆ. 2012ರ ಮಾರ್ಚ್‌ನಲ್ಲಿ ಮಾಲಿಯ ಕಾಟಿ ಶಿಬಿರದಲ್ಲಿ, ಉತ್ತರದ ತುವಾರೆಗ್ ಬಂಡಾಯವನ್ನು ಸರ್ಕಾರ ಸರಿಯಾಗಿ ಎದುರಿಸುತ್ತಿಲ್ಲವೆಂದು ಶುರುವಾದ ಮ್ಯೂಟಿನಿ ಅಧ್ಯಕ್ಷರನ್ನೇ ಉರುಳಿಸಿ 'ಕೂ' ಆಯಿತು. 2023ರ ಜೂನ್‌ನಲ್ಲಿ ರಷ್ಯಾದ ಖಾಸಗಿ ಸೇನೆ ವ್ಯಾಗ್ನರ್ ಮಾಸ್ಕೋ ಕಡೆ ಹೊರಟಾಗ ಪತ್ರಿಕೆಗಳು 'ಮ್ಯೂಟಿನಿ'ಯೋ 'ಕೂ ಅಟೆಂಪ್ಟ್' ಎನ್ನುವುದೋ ಎಂದು ತಡವರಿಸಿದ್ದಕ್ಕೂ ಇದೇ ಕಾರಣ: ಗುರಿ ಸೇನಾ ಮುಖ್ಯಸ್ಥರೋ ಪುಟಿನ್ನರೋ ಎಂಬುದು ಸ್ಪಷ್ಟವಿರಲಿಲ್ಲ.

ಉಳಿದವನ್ನು ಬೇಗ ಮುಗಿಸಬಹುದು. 'ರೆಬೆಲಿಯನ್' ಮತ್ತು 'ಇನ್ಸರ್ಜೆನ್ಸಿ' ವ್ಯವಸ್ಥೆಯ ಹೊರಗಿನವರ ಸಶಸ್ತ್ರ ಹೋರಾಟ. ಎರಡನೆಯದು ವರ್ಷಗಟ್ಟಲೆ ನಡೆಯುವಂಥದ್ದು. 'ಅಪ್‌ರೈಸಿಂಗ್' ಜನರು ಎದ್ದು ನಿಲ್ಲುವುದು. 2024ರ ಆಗಸ್ಟ್ 5ರಂದು ಶೇಖ್ ಹಸೀನಾ ಢಾಕಾ ಬಿಟ್ಟು ಹೊರಟದ್ದಕ್ಕೆ ಈ ಪದವೇ ಹೊಂದುತ್ತದೆ. 'ರಯಟ್' ಬೀದಿ ಗಲಭೆ, ಅಧಿಕಾರ ಹಿಡಿಯುವ ಉದ್ದೇಶ ಅದಕ್ಕಿಲ್ಲ. 'ಪುಚ್' ಜರ್ಮನ್‌ನಿಂದ ಬಂದದ್ದು. ಮ್ಯೂನಿಕ್‌ನಲ್ಲಿ 1923ರ ನವೆಂಬರ್ 8, 9ರಂದು ಹಿಟ್ಲರ್ ನಡೆಸಿದ ಪ್ರಯತ್ನದಂತೆ ಅರೆಬೆಂದು ಸೋತ ಯತ್ನಕ್ಕೆ ಹೆಚ್ಚಾಗಿ ಹೇಳುತ್ತಾರೆ. ಆದರೆ ಅದರಿಂದ ಹುಟ್ಟಿದ 'ಪುಚಿಸ್ಟ್' ಎಂಬ ಪದ ಗೆದ್ದ ದಂಗೆಕೋರರಿಗೂ ನಡೆಯುತ್ತದೆ. ಒಂದು ದಂಗೆಯನ್ನು ತಿರುಗಿಸಲು ನಡೆಯುವ ಮರುದಂಗೆ 'ಕೌಂಟರ್-ಕೂ'. ಬಾಂಗ್ಲಾದೇಶದ 1975 ಇದಕ್ಕೆ ಒಳ್ಳೆಯ ಪಾಠ. ಆಗಸ್ಟ್ 15ರಂದು ಮುಜೀಬುರ್ ರಹಮಾನ್ ಹತ್ಯೆಯೊಂದಿಗೆ 'ಕೂ', ನವೆಂಬರ್ 3ರಂದು ಸೇನಾಧಿಕಾರಿ ಖಾಲಿದ್ ಮುಷರಫ್ ನಡೆಸಿದ 'ಕೌಂಟರ್-ಕೂ', ನವೆಂಬರ್ 7ರಂದು ಸಿಪಾಯಿಗಳೇ ಎದ್ದು ಅವರನ್ನೂ ಕೊಂದದ್ದು. 'ರೆಜೀಮ್ ಚೇಂಜ್' ಎಂಬುದನ್ನು ಎಲ್ಲದಕ್ಕೂ ಬಳಸಬೇಡಿ. 2003ರ ಇರಾಕ್ ಯುದ್ಧದಿಂದೀಚೆಗೆ ಅದಕ್ಕೆ ಹೊರದೇಶವೊಂದು ಸರ್ಕಾರ ಬದಲಿಸುವುದು ಎಂಬ ಛಾಯೆ ಗಟ್ಟಿಯಾಗಿ ಅಂಟಿದೆ.

ಇನ್ನು ಕ್ರಿಯಾಪದಗಳು. ನಾಮಪದ ಗೊತ್ತಿದ್ದವರೂ ಎಡವುವುದು ಇಲ್ಲೇ. 'ಡಿಡ್ ಎ ಕೂ' ಎನ್ನುವುದಿಲ್ಲ. 'ಸ್ಟೇಜ್ಡ್ ಎ ಕೂ', 'ಮೌಂಟೆಡ್ ಎ ಕೂ', 'ಲಾಂಚ್ಡ್ ಎ ಕೂ'. ಸಂಚು ಹೂಡುವುದು 'ಪ್ಲಾಟ್', ವಿಫಲಗೊಳಿಸುವುದು 'ಫಾಯಿಲ್' ಅಥವಾ 'ಥ್ವಾರ್ಟ್'. ಯತ್ನ ನಡೆದು ಸೋತರೆ 'ಫೇಲ್ಡ್ ಕೂ' ಅಥವಾ 'ಅಟೆಂಪ್ಟೆಡ್ ಕೂ'. 2016ರ ಜುಲೈ 15ರ ಟರ್ಕಿಯನ್ನು ಹೀಗೆ ಬರೆಯುತ್ತಾರೆ. ಯತ್ನವೇ ನಡೆದಿರದೆ ಸರ್ಕಾರ ಮಾತ್ರ ಸಂಚಿನ ಆರೋಪ ಹೊರಿಸಿದ್ದರೆ 'ಅಲೆಜ್ಡ್ ಕೂ ಪ್ಲಾಟ್'. ಆ 'ಅಲೆಜ್ಡ್' ಬಿಟ್ಟರೆ ನೀವೇ ತೀರ್ಪು ಕೊಟ್ಟಂತೆ.

'ಸೀಝ್ ಪವರ್' ಎನ್ನುವಾಗ ನಡುವೆ 'ದಿ' ಬೇಡ. 'ಕೇಮ್ ಟು ಪವರ್ ಇನ್ ಎ ಕೂ' ಎನ್ನುವಾಗ 'ಎ' ಬೇಕೇ ಬೇಕು. 'ಸೀಝ್' ಮತ್ತು 'ಸೀಜ್' ಎರಡನ್ನೂ ನಾವು ಒಂದೇ ರೀತಿ ಉಚ್ಚರಿಸುವುದರಿಂದ ಬರೆಯುವಾಗ ಕಾಗುಣಿತ ಅದಲುಬದಲಾಗುತ್ತದೆ. ಮೊದಲನೆಯದು ವಶಪಡಿಸಿಕೊಳ್ಳುವುದು, ಎರಡನೆಯದು ಮುತ್ತಿಗೆ. 'ಟೇಕ್ ಓವರ್' ಕ್ರಿಯಾಪದವಾದಾಗ ಎರಡು ಪದ, ನಾಮಪದವಾದಾಗ ಕೂಡಿಸಿ ಒಂದೇ ಪದ. 'ಹ್ಯಾಂಡ್ ಓವರ್'ಗೂ ಇದೇ ನಿಯಮ.

ಕೆಳಗಿಳಿಸುವ ಕ್ರಿಯಾಪದಗಳಲ್ಲಿ ಕರ್ಮ ಯಾವುದೆಂದು ನೋಡಿಕೊಳ್ಳಿ. 'ಓವರ್‌ಥ್ರೋ' ಸರ್ಕಾರಕ್ಕೂ ದೊರೆಗೂ ಸಲ್ಲುತ್ತದೆ. ಭೂತಕಾಲ 'ಓವರ್‌ಥ್ರೂ', 'ಓವರ್‌ಥ್ರೋನ್'. 'ಡಿಪೋಸ್' ಹೆಚ್ಚಾಗಿ ವ್ಯಕ್ತಿಗೆ: ರಾಜ, ಅಧ್ಯಕ್ಷ. 'ಔಸ್ಟ್' ವ್ಯಕ್ತಿಗೂ ಪಕ್ಷಕ್ಕೂ ನಡೆಯುತ್ತದೆ, ಕಾನೂನುಬದ್ಧ ಸೋಲಿಗೂ ನಡೆಯುತ್ತದೆ. 'ಟಾಪಲ್' ಕೂಡ ಹಾಗೆ. 2019ರ ಜುಲೈ 23ರಂದು ವಿಧಾನಸಭೆಯಲ್ಲಿ 99–105 ಮತಗಳಿಂದ ವಿಶ್ವಾಸಮತ ಸೋತ ಕುಮಾರಸ್ವಾಮಿ ಸರ್ಕಾರಕ್ಕೆ 'ಟಾಪಲ್ಡ್' ಎನ್ನಬಹುದು, 'ಓವರ್‌ಥ್ರೋನ್' ಎಂದರೆ ಬಂದೂಕಿನ ಛಾಯೆ ಬಂದು ತಪ್ಪಾಗುತ್ತದೆ. 1989ರ ಏಪ್ರಿಲ್‌ನಲ್ಲಿ 356ನೇ ವಿಧಿಯಡಿ ಹೋದ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಸರಿಯಾದದ್ದು 'ಡಿಸ್ಮಿಸ್ಡ್'. ತಾನಾಗಿ ಇಳಿದರೆ 'ಸ್ಟೆಪ್ಡ್ ಡೌನ್', ಬೇರೆ ದಾರಿಯಿಲ್ಲದೆ ಇಳಿದರೆ 'ವಾಸ್ ಫೋರ್ಸ್ಡ್ ಟು ರಿಸೈನ್'. ಇವೆರಡರ ನಡುವಿನ ಅಂತರವನ್ನು ಪ್ರಬಂಧ ತಿದ್ದುವವರು ಗಮನಿಸುತ್ತಾರೆ.

ಮೊದಲ ದಿನದ ಸುದ್ದಿಯ ಪದಗಳನ್ನು ಘಟನೆಯ ಕ್ರಮದಲ್ಲೇ ಕಲಿತರೆ ನೆನಪಿನಲ್ಲಿ ನಿಲ್ಲುತ್ತವೆ, ಏಕೆಂದರೆ ದಂಗೆಗಳೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ನಡೆಯುತ್ತವೆ. ನೈಜರ್ ತೆಗೆದುಕೊಳ್ಳಿ. 2023ರ ಜುಲೈ 26ರಂದು 'ಪ್ರೆಸಿಡೆನ್ಷಿಯಲ್ ಗಾರ್ಡ್' ತಾನು ಕಾಯಬೇಕಿದ್ದ ಅಧ್ಯಕ್ಷ ಮೊಹಮದ್ ಬಜೂಮ್ ಅವರನ್ನೇ ಹಿಡಿದಿಟ್ಟಿತು: 'ಡಿಟೇನ್ಡ್'. ಆ ರಾತ್ರಿ ಸೈನಿಕರು 'ಸ್ಟೇಟ್ ಟೆಲಿವಿಷನ್'ನಲ್ಲಿ ಹೇಳಿಕೆ ಓದಿದರು. ಸಂವಿಧಾನ 'ಸಸ್ಪೆಂಡ್' ಆಯಿತು, ಗಡಿಗಳು 'ಕ್ಲೋಸ್' ಆದವು, ಕರ್ಫ್ಯೂ 'ಇಂಪೋಸ್' ಆಯಿತು. ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟ ಇಕೋವಾಸ್ 'ಸ್ಯಾಂಕ್ಷನ್ಸ್' ಹೇರಿ, ಅಧ್ಯಕ್ಷರನ್ನು ಮತ್ತೆ ಕೂರಿಸಲು ಒಂದು ವಾರದ 'ಅಲ್ಟಿಮೇಟಮ್' ಕೊಟ್ಟಿತು. ಮತ್ತೆ ಕೂರಿಸುವುದಕ್ಕೆ 'ರೀಇನ್‌ಸ್ಟೇಟ್'. ಸಂವಿಧಾನಕ್ಕೆ 'ಸಸ್ಪೆಂಡ್' ಅಥವಾ 'ಅಬ್ರೊಗೇಟ್', ಸಂಸತ್ತಿಗೆ 'ಡಿಸಾಲ್ವ್', ಪಕ್ಷಕ್ಕೆ 'ಬ್ಯಾನ್', ಕರ್ಫ್ಯೂ ತೆಗೆಯುವುದಕ್ಕೆ 'ಲಿಫ್ಟ್'. ಈ ಜೋಡಿಗಳನ್ನು ಬಿಡಿಸದೆ ಒಟ್ಟಿಗೇ ಬರೆದಿಟ್ಟುಕೊಳ್ಳಿ. ಗೃಹಬಂಧನ 'ಅಂಡರ್ ಹೌಸ್ ಅರೆಸ್ಟ್', ಅಲ್ಲಿ 'ಎ' ಆಗಲಿ 'ದಿ' ಆಗಲಿ ಇಲ್ಲ.

'ಮಾರ್ಷಲ್ ಲಾ' ಮತ್ತು 'ಕೂ' ಒಂದೇ ಅಲ್ಲ ಎಂಬುದಕ್ಕೆ ಥಾಯ್ಲೆಂಡ್‌ಗಿಂತ ಸ್ಪಷ್ಟ ಉದಾಹರಣೆ ಸಿಗದು. 2014ರ ಮೇ 20ರಂದು ಸೇನೆ ಮಾರ್ಷಲ್ ಲಾ ಘೋಷಿಸಿ, ಇದು ಕೂ ಅಲ್ಲ ಎಂದಿತು. ಸರ್ಕಾರ ಆಗ ಇನ್ನೂ ಇತ್ತು, ಭದ್ರತೆ ಮಾತ್ರ ಸೇನೆಯ ಕೈಗೆ ಹೋಗಿತ್ತು. ಎರಡು ದಿನ ಬಿಟ್ಟು, ಮೇ 22ರಂದು, ಜನರಲ್ ಪ್ರಯುತ್ ಚಾನ್-ಓಚಾ ಸರ್ಕಾರವನ್ನೇ ತೆಗೆದುಹಾಕಿದರು. ಕೂ ನಡೆದದ್ದು ಆ ದಿನ. ತುರ್ತು ಪರಿಸ್ಥಿತಿ ಇನ್ನೊಂದು ಬಗೆ. ಭಾರತದ 1975ರ ಜೂನ್ 25ರ ಘೋಷಣೆ 352ನೇ ವಿಧಿಯಡಿ ನಾಗರಿಕ ಸರ್ಕಾರವೇ ಹೊರಡಿಸಿದ್ದು, ಅದನ್ನು ಮಾರ್ಷಲ್ ಲಾ ಎಂದು ಬರೆಯುವುದು ನೇರ ತಪ್ಪು. ವ್ಯಾಕರಣದ ಭೇದವೂ ಇದೆ: 'ಮಾರ್ಷಲ್ ಲಾ' ಹಿಂದೆ 'ಎ' ಇಲ್ಲ, 'ಸ್ಟೇಟ್ ಆಫ್ ಎಮರ್ಜೆನ್ಸಿ' ಹಿಂದೆ ಇದೆ. ಕಾಗುಣಿತದಲ್ಲೂ ಜಾಗ್ರತೆ. ಇದು ಸೇನಾ ಪದವಿಯ 'ಮಾರ್ಷಲ್' ಅಲ್ಲ. ಅಕ್ಷರಗಳು ಹಿಂದುಮುಂದಾದರೆ ವಿವಾಹಕ್ಕೆ ಸಂಬಂಧಿಸಿದ 'ಮ್ಯಾರಿಟಲ್' ಆಗಿಬಿಡುತ್ತದೆ.

ಅಧಿಕಾರ ಹಿಡಿದ ಸೇನಾಧಿಕಾರಿಗಳ ಕೂಟ 'ಜಂಟಾ'. ಬ್ರಿಟಿಷರು 'ಜಂಟಾ' ಎನ್ನುತ್ತಾರೆ, ಅಮೆರಿಕನ್ನರು ಸ್ಪ್ಯಾನಿಷ್ ರೀತಿಯಲ್ಲಿ 'ಹುಂಟಾ'. ಎರಡೂ ಸರಿ, ಒಂದೇ ಮಾತಿನಲ್ಲಿ ಬೆರೆಸಬೇಡಿ. ಇತ್ತೀಚಿನ ಕೂಟಗಳು ಈ ಪದದಿಂದ ದೂರವಿದ್ದು ಸೌಮ್ಯವಾದ ಹೆಸರು ಇಟ್ಟುಕೊಂಡಿವೆ: ಥಾಯ್ಲೆಂಡ್‌ನಲ್ಲಿ 'ನ್ಯಾಷನಲ್ ಕೌನ್ಸಿಲ್ ಫಾರ್ ಪೀಸ್ ಅಂಡ್ ಆರ್ಡರ್' (2014–2019), ಮ್ಯಾನ್ಮಾರ್‌ನಲ್ಲಿ 'ಸ್ಟೇಟ್ ಅಡ್ಮಿನಿಸ್ಟ್ರೇಷನ್ ಕೌನ್ಸಿಲ್' (2021–2025). 2021ರ ಫೆಬ್ರವರಿ 1ರಂದು ಆಂಗ್ ಸಾನ್ ಸೂ ಕಿ ಅವರನ್ನು ಬಂಧಿಸಿದ ಮ್ಯಾನ್ಮಾರ್ ಸೇನೆ, ತನ್ನ ಸರ್ಕಾರಕ್ಕೆ ಇಂಥ ಪದ ಬಳಸಕೂಡದೆಂದು ಮಾಧ್ಯಮಗಳಿಗೆ ಎಚ್ಚರಿಕೆಯನ್ನೇ ಕೊಟ್ಟಿತು. ಉಪಾಧ್ಯಕ್ಷರಾಗಿದ್ದ ಮಾಜಿ ಸೇನಾಧಿಕಾರಿಯೊಬ್ಬರನ್ನು 'ಆಕ್ಟಿಂಗ್ ಪ್ರೆಸಿಡೆಂಟ್' ಮಾಡಿ, ಅವರಿಂದ 2008ರ ಸಂವಿಧಾನದ 417ನೇ ಸೆಕ್ಷನ್ ಅಡಿ ಒಂದು ವರ್ಷದ ತುರ್ತು ಪರಿಸ್ಥಿತಿ ಘೋಷಿಸಿ, ಎಲ್ಲವೂ ಸಂವಿಧಾನಬದ್ಧ ಎಂದು ವಾದಿಸಿತು. ಆ ಅವಧಿಯನ್ನು ಮತ್ತೆ ಮತ್ತೆ 'ಎಕ್ಸ್‌ಟೆಂಡ್' ಮಾಡುತ್ತಾ ಹೋಯಿತು.

ಪತ್ರಿಕೆಯಿಂದ ಪತ್ರಿಕೆಗೆ, ಸರ್ಕಾರದಿಂದ ಸರ್ಕಾರಕ್ಕೆ ಪದ ಬದಲಾಗುವುದೇಕೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಹಣ ಮತ್ತು ಕಾನೂನಿನಲ್ಲಿದೆ. ಚುನಾಯಿತ ಸರ್ಕಾರದ ಮುಖ್ಯಸ್ಥರನ್ನು ಸೇನೆ ಕೂ ಮೂಲಕ ತೆಗೆದರೆ ಆ ದೇಶದ ಸರ್ಕಾರಕ್ಕೆ ಕೊಡುವ ನೆರವನ್ನು ನಿಲ್ಲಿಸಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. ಈಜಿಪ್ಟಿಗೆ ವರ್ಷಕ್ಕೆ 130 ಕೋಟಿ ಡಾಲರ್ ಸೇನಾ ನೆರವು ಹೋಗುತ್ತಿತ್ತು. ಹಾಗಾಗಿ 2013ರಲ್ಲಿ ನಡೆದದ್ದು ಕೂ ಹೌದೋ ಅಲ್ಲವೋ ಎಂಬ ನಿರ್ಧಾರಕ್ಕೇ ಒಬಾಮ ಸರ್ಕಾರ ಹೋಗಲಿಲ್ಲ. ನೈಜರ್ ವಿಷಯದಲ್ಲಿ ಆ ಪದವನ್ನು ಅಧಿಕೃತವಾಗಿ ಬಳಸಲು 2023ರ ಅಕ್ಟೋಬರ್ 10ರವರೆಗೆ, ಅಂದರೆ ಎರಡೂವರೆ ತಿಂಗಳು, ಹಿಡಿಯಿತು. ಆಫ್ರಿಕನ್ ಯೂನಿಯನ್ ದಾಖಲೆಗಳಲ್ಲಿ 'ಅನ್‌ಕಾನ್‌ಸ್ಟಿಟ್ಯೂಷನಲ್ ಚೇಂಜ್ ಆಫ್ ಗವರ್ನ್‌ಮೆಂಟ್' ಎಂಬ ಉದ್ದ ಪದಪುಂಜ ಕಾಣಿಸಿದರೆ ಅದೂ ಕಾನೂನಿನ ಪದವೇ. ಆ ಮುದ್ರೆ ಬಿದ್ದ ದೇಶ ಯೂನಿಯನ್ನಿನಿಂದ ಅಮಾನತಾಗುತ್ತದೆ. ಜಿಂಬಾಬ್ವೆಯಲ್ಲಿ 2017ರ ನವೆಂಬರ್ 15ರಂದು ಸೇನಾಧಿಕಾರಿ ಟಿ.ವಿ.ಯಲ್ಲಿ ಕಾಣಿಸಿಕೊಂಡು ಇದು ಸೇನಾ ಟೇಕ್‌ಓವರ್ ಅಲ್ಲ ಎಂದರು, ಅಧ್ಯಕ್ಷ ಮುಗಾಬೆ ಮನೆಯಲ್ಲೇ ಉಳಿಯಬೇಕಾಯಿತು, 'ಇಂಪೀಚ್‌ಮೆಂಟ್' ಶುರುವಾದ 21ರಂದು ರಾಜೀನಾಮೆ ಬಂತು. ಅಲ್ಲಿ ಚಾಲ್ತಿಗೆ ಬಂದ ಪದ 'ಮಿಲಿಟರಿ-ಅಸಿಸ್ಟೆಡ್ ಟ್ರಾನ್ಸಿಷನ್'. ನಿಮ್ಮ ಬರಹದಲ್ಲಿ ಇಂಥ ಪದವನ್ನು ಸ್ವಂತ ಮಾತಿನಂತೆ ಬಳಸಬೇಡಿ. 'ವಾಟ್ ದಿ ಆರ್ಮಿ ಕಾಲ್ಡ್' ಎಂದು ಹಿಂದೆ ಸೇರಿಸಿದರೆ ಮಾತು ಯಾರದೆಂದು ತಿಳಿಯುತ್ತದೆ. ವಿವಾದವಿರುವಲ್ಲಿ 'ಮಿಲಿಟರಿ ಟೇಕ್‌ಓವರ್' ತಕ್ಕಮಟ್ಟಿಗೆ ತಟಸ್ಥ ಪದ. ಆದರೆ ಮ್ಯಾನ್ಮಾರ್, ನೈಜರ್‌ಗಳಂತೆ ಅನುಮಾನಕ್ಕೆ ಎಡೆಯೇ ಇಲ್ಲದ ಕಡೆ ತಟಸ್ಥತೆಯ ಹೆಸರಿನಲ್ಲಿ 'ಟ್ರಾನ್ಸಿಷನ್' ಎಂದು ಬರೆಯುವುದು ಸತ್ಯಕ್ಕೆ ದೂರ.

ಈಗ 'ಹಂಗಾಮಿ'. 'ಆಕ್ಟಿಂಗ್' ಒಬ್ಬ ವ್ಯಕ್ತಿಗೆ: ಹುದ್ದೆಯಲ್ಲಿರಬೇಕಾದವರು ಇಲ್ಲ, ಇವರು ಸದ್ಯ ನೋಡಿಕೊಳ್ಳುತ್ತಿದ್ದಾರೆ. 'ಕೇರ್‌ಟೇಕರ್' ಎಂದರೆ ಚುನಾವಣೆ ಅಥವಾ ಹೊಸ ಸರ್ಕಾರದವರೆಗೆ ದಿನನಿತ್ಯದ ಕೆಲಸ ಮಾತ್ರ ನಡೆಸುವುದು, ದೊಡ್ಡ ನೀತಿ ನಿರ್ಧಾರ ಕೈಗೊಳ್ಳದಿರುವುದು. ಬಾಂಗ್ಲಾದೇಶ 1996ರ 13ನೇ ತಿದ್ದುಪಡಿಯಿಂದ ಇದನ್ನು ಸಂವಿಧಾನಕ್ಕೇ ಸೇರಿಸಿ, 2011ರ 15ನೇ ತಿದ್ದುಪಡಿಯಿಂದ ತೆಗೆದುಹಾಕಿತು. ಆದ್ದರಿಂದ 2024ರ ಆಗಸ್ಟ್ 8ರಂದು ಮುಹಮ್ಮದ್ ಯೂನುಸ್ ನೇತೃತ್ವದಲ್ಲಿ ಬಂದದ್ದು 'ಕೇರ್‌ಟೇಕರ್' ಅಲ್ಲ, 'ಇಂಟರಿಮ್'. ಸುಧಾರಣೆಗಳ ಕೆಲಸವನ್ನೂ ಅದು ಕೈಗೆತ್ತಿಕೊಂಡಿತ್ತು. 'ಇಂಟರಿಮ್' ಎಂದರೆ ಎರಡು ವ್ಯವಸ್ಥೆಗಳ ನಡುವಿನ ಸರ್ಕಾರ. ನೆಹರೂ ನೇತೃತ್ವದಲ್ಲಿ 1946ರ ಸೆಪ್ಟೆಂಬರ್ 2ರಂದು ಬಂದದ್ದೂ 'ಇಂಟರಿಮ್ ಗವರ್ನ್‌ಮೆಂಟ್'. 'ಪ್ರೊವಿಷನಲ್' ಎಂಬುದನ್ನು ಹೆಚ್ಚಾಗಿ ಹಳೆಯ ಆಳ್ವಿಕೆಯನ್ನು ಒಪ್ಪದೆ ತಾವೇ ಸರ್ಕಾರ ಎಂದು ಘೋಷಿಸಿಕೊಂಡವರು ಬಳಸುತ್ತಾರೆ: 1943ರ ಅಕ್ಟೋಬರ್ 21ರಂದು ಸಿಂಗಪುರದಲ್ಲಿ ಸುಭಾಷರು ಸಾರಿದ ಆಜಾದ್ ಹಿಂದ್ ಸರ್ಕಾರ 'ಪ್ರೊವಿಷನಲ್'. ನಮ್ಮದೇ ಇತಿಹಾಸದ ಈ ಎರಡು ಹೆಸರು ನೆನಪಿದ್ದರೆ ಇವು ಮತ್ತೆ ಅದಲುಬದಲಾಗವು.

'ಟ್ರಾನ್ಸಿಷನಲ್' ಎನ್ನಲು ಅವಧಿ ಮತ್ತು ಕಾರ್ಯಸೂಚಿ ಎರಡೂ ಇರಬೇಕು. ಸುಡಾನ್‌ನಲ್ಲಿ 2019ರ ಏಪ್ರಿಲ್ 11ರಂದು ಅಧ್ಯಕ್ಷ ಒಮರ್ ಅಲ್-ಬಷೀರ್ ಅವರನ್ನು ಸೇನೆ ಕೆಳಗಿಳಿಸಿದ ಮೇಲೆ ಸೇನೆ ಮತ್ತು ನಾಗರಿಕ ನಾಯಕರು ಆಗಸ್ಟ್‌ನಲ್ಲಿ ಸಹಿ ಹಾಕಿದ ಒಪ್ಪಂದ 39 ತಿಂಗಳ 'ಟ್ರಾನ್ಸಿಷನಲ್ ಪೀರಿಯಡ್' ಎಂದು ಬರೆಯಿತು. ಇಬ್ಬರೂ ಸೇರಿ ಆಳುವುದು 'ಪವರ್-ಶೇರಿಂಗ್'. 2021ರ ಅಕ್ಟೋಬರ್ 25ರಂದು ಸೇನಾ ಮುಖ್ಯಸ್ಥ ಜನರಲ್ ಬುರ್ಹಾನ್ ಅದನ್ನು ಕೆಡವಿದರು; ಆಗ ಪತ್ರಿಕೆಗಳು ಬಳಸಿದ ಕ್ರಿಯಾಪದ 'ಡಿರೇಲ್'.

ಮರಳಿ ನಾಗರಿಕ ಆಳ್ವಿಕೆಗೆ ಬರುವ ಭರವಸೆಯ ಪದಗಳು 'ರೋಡ್‌ಮ್ಯಾಪ್', 'ಟೈಮ್‌ಟೇಬಲ್', 'ರಿಟರ್ನ್ ಟು ಸಿವಿಲಿಯನ್ ರೂಲ್'. ಸೇನೆಯ ಮಾತು 'ಪ್ಲೆಡ್ಜ್ಡ್', ನಂತರ ನಡೆಯುವುದು ಬಹಳ ಸಲ 'ಪೋಸ್ಟ್‌ಪೋನ್ಡ್'. ಥಾಯ್ಲೆಂಡ್‌ನಲ್ಲಿ 2014ರ ದಂಗೆಯ ನಂತರದ ಚುನಾವಣೆ ನಡೆದದ್ದು 2019ರ ಮಾರ್ಚ್‌ನಲ್ಲಿ. ಇಲ್ಲಿ ಒಂದು ಪುಟ್ಟ 'ಫಾರ್' ಅರ್ಥವನ್ನೇ ತಿರುಗಿಸುತ್ತದೆ: 'ಕಾಲ್ಡ್ ಎಲೆಕ್ಷನ್ಸ್' ಎಂದರೆ ಅಧಿಕಾರದಲ್ಲಿದ್ದವರು ಚುನಾವಣೆ ಘೋಷಿಸಿದರು, 'ಕಾಲ್ಡ್ ಫಾರ್ ಎಲೆಕ್ಷನ್ಸ್' ಎಂದರೆ ಚುನಾವಣೆ ನಡೆಸಿರೆಂದು ಯಾರೋ ಒತ್ತಾಯಿಸಿದರು, 'ಕಾಲ್ಡ್ ಆಫ್' ಎಂದರೆ ರದ್ದುಮಾಡಿದರು. ಒಂದೇ ಪ್ರಶ್ನೆಗೆ ಜನರ ಮತ ಕೇಳುವುದು 'ರೆಫರೆಂಡಮ್' ಅಥವಾ 'ಪ್ಲೆಬಿಸೈಟ್'. ಚಿಲಿಯಲ್ಲಿ 1973ರ ಸೆಪ್ಟೆಂಬರ್ 11ರಂದು ಅಧಿಕಾರ ಹಿಡಿದ ಸೇನಾಪತಿ ಪಿನೊಚೆ 1988ರ ಅಕ್ಟೋಬರ್ 5ರ ಪ್ಲೆಬಿಸೈಟ್‌ನಲ್ಲಿ ಸೋತು, 1990ರ ಮಾರ್ಚ್ 11ರಂದು ಅಧಿಕಾರ ಬಿಟ್ಟುಕೊಟ್ಟರು. ಮಾತುಕತೆಯಿಂದ ಆದ ಇಂಥ ಬದಲಾವಣೆಯನ್ನು 'ನೆಗೋಶಿಯೇಟೆಡ್ ಟ್ರಾನ್ಸಿಷನ್' ಎನ್ನುತ್ತಾರೆ. ಅದರ ಬೆಲೆಯಾಗಿ ಅಪರಾಧಿಗಳಿಗೆ ಸಿಗುವ ಕ್ಷಮಾದಾನ 'ಆಮ್ನೆಸ್ಟಿ', ಶಿಕ್ಷೆಯಿಲ್ಲದೆ ಪಾರಾಗುವ ಸ್ಥಿತಿ 'ಇಂಪ್ಯೂನಿಟಿ'. ಮೊದಲನೆಯದು ಕಾನೂನಿನ ನಿರ್ಧಾರ, ಎರಡನೆಯದು ಯಾವಾಗಲೂ ಟೀಕೆ. ದಂಗೆಯನ್ನೇ ನ್ಯಾಯಾಲಯ ಸಕ್ರಮಗೊಳಿಸಲು ಬಳಸಿದ 'ಡಾಕ್ಟ್ರಿನ್ ಆಫ್ ನೆಸೆಸಿಟಿ' ಪಾಕಿಸ್ತಾನದ ಇತಿಹಾಸ ಓದುವಾಗ ಪದೇ ಪದೇ ಎದುರಾಗುತ್ತದೆ. 1977ರಲ್ಲಿ ಅಧಿಕಾರ ಹಿಡಿದ ಜಿಯಾ ಉಲ್ ಹಕ್ ಮತ್ತು 1999ರ ಪರ್ವೇಜ್ ಮುಷರಫ್ ಇಬ್ಬರ ಆಳ್ವಿಕೆಗೂ ಸುಪ್ರೀಂ ಕೋರ್ಟ್ ಅದೇ ಆಧಾರ ಕೊಟ್ಟಿತು.

ಅಭ್ಯಾಸಕ್ಕೆ ಪದಪಟ್ಟಿ ಉರುಹೊಡೆಯುವುದಕ್ಕಿಂತ ಒಂದು ದೇಶ ಹಿಡಿದು ಎಂಟು ವಾಕ್ಯ ಬರೆಯುವುದು ಹೆಚ್ಚು ಫಲ ಕೊಡುತ್ತದೆ. ಯಾರು ಯಾರನ್ನು ಯಾವಾಗ ಕೆಳಗಿಳಿಸಿದರು, ಯಾವ ಕಾರಣ ಕೊಟ್ಟರು, ಮೊದಲ ದಿನ ಏನೇನು ಅಮಾನತಾಯಿತು, ಹೊರಗಿನವರು ಏನೆಂದರು, ಆಳುತ್ತಿರುವ ಕೂಟದ ಹೆಸರೇನು, ಮರಳುವ ದಿನಾಂಕ ಹೇಳಿದ್ದಾರೆಯೇ. ತಾರೀಖು ಬರೆದ ವಾಕ್ಯದಲ್ಲಿ 'ಹ್ಯಾಸ್ ಸೀಝ್ಡ್' ಬರಬಾರದು, ಬರೀ 'ಸೀಝ್ಡ್' ಸಾಕು. ಇಂದಿಗೂ ಮುಂದುವರಿಯುತ್ತಿರುವುದಕ್ಕೆ ಮಾತ್ರ 'ಹ್ಯಾಸ್ ರೂಲ್ಡ್ ಸಿನ್ಸ್'. ಸುಡಾನ್‌ನಿಂದ ಶುರುಮಾಡಿ. 2019ರ ಅಪ್‌ರೈಸಿಂಗ್, ಅದೇ ವರ್ಷದ ಕೂ, ಟ್ರಾನ್ಸಿಷನಲ್ ಒಪ್ಪಂದ, 2021ರ ಇನ್ನೊಂದು ಕೂ, 2023ರ ಏಪ್ರಿಲ್ 15ರಂದು ಶುರುವಾದ 'ಸಿವಿಲ್ ವಾರ್': ಮೇಲೆ ಹೇಳಿದ ಪದಗಳಲ್ಲಿ ಹೆಚ್ಚಿನವು ಆ ಒಂದೇ ದೇಶದ ನಾಲ್ಕು ವರ್ಷಗಳಲ್ಲಿ ಬಳಕೆಗೆ ಬರುತ್ತವೆ.